ಹಲ್ಲು ಕಚ್ಚಿಕೊಂಡ ಹೊಲಿಗೆ

ಹೊಲಿಗೆ ಯಂತ್ರದ ಮುಂದೆ ಯಾರನ್ನೇ ಕೂರಿಸಿ, ಅವರ ಕಣ್ಣು ನೆಡುವುದು ಸೂಜಿಯ ಮೇಲೆ. ಸೂಜಿ ಹೊಳೆಯುತ್ತದೆ, ಕುಣಿಯುತ್ತದೆ, ಬೆರಳು ಹತ್ತಿರ ಹೋದರೆ ಎದೆ ಝಲ್ಲೆನ್ನಿಸುತ್ತದೆ. ಹಾಗಾಗಿ ಹೊಲಿಗೆಯ ಹೆಸರೆಲ್ಲ ಅದಕ್ಕೇ ಸಲ್ಲುತ್ತದೆ. ಆದರೆ ಸೂಜಿಗೆ ಗೊತ್ತಿರುವುದು ಇಳಿಯುವುದು ಮತ್ತು ಏರುವುದು, ಅಷ್ಟೇ. ಒಂದು ಹೊಲಿಗೆ ಬಿದ್ದ ಮೇಲೆ ಎರಡನೆಯದು ಅದರ ಮುಂದೆ ಬೀಳಬೇಕಾದರೆ ನಡುವೆ ಬಟ್ಟೆ ಸರಿಯಬೇಕಲ್ಲ? ಆ ಕೆಲಸ ಮಾಡುವವರು ಕೆಳಗಿದ್ದಾರೆ. ಸೂಜಿ ಇಳಿಯುವ ಜಾಗದ ಉಕ್ಕಿನ ಪ್ಲೇಟಿನಲ್ಲಿ ಉದ್ದುದ್ದ ಸೀಳುಗಳಿವೆ. ಬಟ್ಟೆ ತೆಗೆದು ಬಗ್ಗಿ ನೋಡಿದರೆ ಆ ಸೀಳುಗಳೊಳಗೆ ಓರೆಯಾಗಿ ಕೊರೆದ ಪುಟ್ಟ ಹಲ್ಲುಗಳ ಸಾಲು ಕಾಣುತ್ತದೆ. ಕೈಪಿಡಿಯಲ್ಲಿ ಅದರ ಹೆಸರು ಫೀಡ್ ಡಾಗ್. ನಮ್ಮ ಅತ್ತೆಯವರು ಹಲ್ಲು ಎನ್ನುತ್ತಾರೆ. ಯಂತ್ರ ಅತ್ತೆಯವರದಾದ್ದರಿಂದ ನಾನೂ ಹಲ್ಲು ಎಂದೇ ಬರೆಯುತ್ತೇನೆ.

ಈ ಹಲ್ಲಿನ ಮೇಲೆ ಎಳ್ಳಷ್ಟೂ ನಂಬಿಕೆ ಇಲ್ಲದವರು ನಮ್ಮ ಯಜಮಾನರು. ಜಗತ್ತಿನಲ್ಲಿ ಯಾವ ಕೆಲಸವೂ ತಾನಾಗಿ ನಡೆಯುವುದಿಲ್ಲ, ಹಿಂದೆ ನಿಂತು ಯಾರಾದರೂ ಎಳೆಯಲೇಬೇಕು ಎಂಬುದು ಅವರ ದೃಢ ಅಭಿಪ್ರಾಯ. ಯಂತ್ರದ ಮುಂದೆ ಕುಳಿತರೆಂದರೆ ಬಲಗೈ ಬಟ್ಟೆಯ ಈಚೆ, ಎಡಗೈ ಆಚೆ. ಹೊಲಿಗೆ ಶುರುವಾದದ್ದೇ ತಡ, ಎಡಗೈ ಬಟ್ಟೆಯನ್ನು ಹಿಡಿದು ಜಗ್ಗತೊಡಗುತ್ತದೆ. ಯಂತ್ರ ಒಂದು ಅಳತೆಯಲ್ಲಿ ಸಾಗಿಸುತ್ತಿದ್ದರೆ ಇವರು ತಮ್ಮ ಅಳತೆಯಲ್ಲಿ ಸಾಗಿಸುತ್ತಾರೆ. ಪರಿಣಾಮವಾಗಿ ಒಂದು ಹೊಲಿಗೆ ಜೋಳದ ಕಾಳಿನಷ್ಟು ಗಿಡ್ಡ, ಮುಂದಿನದು ಅದರ ಮೂರರಷ್ಟು ಉದ್ದ.

ಅಷ್ಟಕ್ಕೇ ನಿಂತಿದ್ದರೆ ಚಿಂತೆಯಿರಲಿಲ್ಲ. ಸೂಜಿ ಬಟ್ಟೆಯೊಳಗಿರುವ ಹೊತ್ತಿನಲ್ಲಿ ಬಟ್ಟೆಯನ್ನು ಜಗ್ಗಿದರೆ ಸೂಜಿಯೂ ಅದರ ಜೊತೆ ಬಾಗುತ್ತದೆ. ಬಾಗಿದ ಸೂಜಿ ಮುಂದಿನ ಸಲ ತೂತಿಗೆ ಇಳಿಯುವ ಬದಲು ತೂತಿನ ಅಂಚಿಗೆ ಬಡಿಯುತ್ತದೆ. ಟಕ್ ಎಂಬ ಒಂದು ಸದ್ದು; ಸೂಜಿಯ ಬುಡ ಮೇಲೆ ಉಳಿದು, ತುದಿ ಕೋಣೆಯಲ್ಲೆಲ್ಲೋ ತಲೆಮರೆಸಿಕೊಳ್ಳುತ್ತದೆ. ಆಮೇಲೆ ಮನೆಮಂದಿಯೆಲ್ಲ ಚಪ್ಪಲಿ ಹಾಕಿಕೊಂಡು, ಆಯಸ್ಕಾಂತ ಹಿಡಿದು ನೆಲ ಸವರಬೇಕು. ಹುಡುಕಾಟದ ನಡುವೆ ಯಜಮಾನರು ತಲೆ ಎತ್ತಿ, "ಈಗಿನ ಸೂಜಿಗಳಲ್ಲಿ ಗಟ್ಟಿತನವೇ ಇಲ್ಲ" ಎನ್ನುತ್ತಾರೆ.

ಸೂಜಿ ಹೋದರೆ ಇನ್ನೊಂದು ಬರುತ್ತದೆ. ಪ್ಲೇಟಿನ ಕಥೆ ಹಾಗಲ್ಲ. ಸೂಜಿ ಬಡಿದ ಜಾಗದಲ್ಲಿ, ತೂತಿನ ಅಂಚಿಗೆ ಒಂದು ಕಚ್ಚು ಬೀಳುತ್ತದೆ. ಕಣ್ಣಿಗೆ ಕಾಣುವುದು ಕಷ್ಟ; ಉಗುರಿನ ತುದಿ ಆಡಿಸಿದರೆ ಗರಕ್ಕೆಂದು ಸಿಗುತ್ತದೆ. ಮುಂದೆ ಯಾವ ನುಣುಪಾದ ಬಟ್ಟೆ ಹೊಲಿಯಹೊರಟರೂ ದಾರ ಅಲ್ಲಿಗೆ ತಾಗಿ ನವೆದು, ಕೊನೆಗೆ ತುಂಡಾಗುತ್ತದೆ. ದಾರ ಯಾಕೆ ತುಂಡಾಗುತ್ತದೆ ಎಂದು ಹೊಸ ದಾರ, ಹೊಸ ಬಾಬಿನ್, ಹೊಸ ಎಣ್ಣೆ ಎಲ್ಲವನ್ನೂ ತಂದು ನೋಡಿದ ಮೇಲೆ ಅತ್ತೆಯವರು ಬಂದು ಬೆರಳಿನಿಂದ ಪ್ಲೇಟು ಸವರಿ, ಏನೂ ಹೇಳದೆ ಮಗನ ಮುಖ ನೋಡಿದರು. ನಯವಾದ ಉಜ್ಜುಕಾಗದ ಹಿಡಿದು ತೂತಿನ ಅಂಚು ತಿಕ್ಕುತ್ತಾ ಕೂತದ್ದು ಯಜಮಾನರೇ.

ಆ ಸಂಜೆಯೇ ಅತ್ತೆಯವರು ಪಾಠಕ್ಕೆ ಕೂತರು. ಸೂಜಿ ಬಿಚ್ಚಿಟ್ಟರು, ದಾರ ತೆಗೆದರು, ಹಲ್ಲಿನ ಮೇಲೆ ಒಂದು ತುಂಡು ಬಟ್ಟೆ ಇಟ್ಟು, ಬಟ್ಟೆಯನ್ನು ಮೇಲಿನಿಂದ ಒತ್ತಿ ಹಿಡಿಯುವ ಲೋಹದ ಪಾದ, ಅಂದರೆ ಪ್ರೆಸರ್ ಫುಟ್ ಇಳಿಸಿದರು. "ಈಗ ಚಕ್ರವನ್ನು ಕೈಯಿಂದ ತಿರುಗಿಸು. ನಿಧಾನ. ಸೂಜಿ ಇಲ್ಲ, ನೋಡುವುದಕ್ಕೆ ಬೇರೇನೂ ಇಲ್ಲ. ಹಲ್ಲನ್ನು ನೋಡು."

ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಹಲ್ಲು ನಾಲ್ಕು ಕೆಲಸ ಮಾಡುತ್ತದೆ. ಮೊದಲು ಸೀಳಿನಿಂದ ಮೇಲೆದ್ದು ಬಟ್ಟೆಯನ್ನು ಫುಟ್ಟಿಗೆ ಒತ್ತುತ್ತದೆ. ಎದ್ದ ಎತ್ತರ ಬಹಳ ಕಡಿಮೆ. ಹಲ್ಲಿನ ತುದಿ ಮಾತ್ರ ಪ್ಲೇಟಿನಿಂದ ಹೊರಗಿರುತ್ತದೆ. ಹಾಗೆ ಕಚ್ಚಿಕೊಂಡೇ ಬಟ್ಟೆಯನ್ನು ಒಂದು ಹೊಲಿಗೆಯಷ್ಟು ನಮ್ಮಿಂದ ಆಚೆಗೆ ಒಯ್ಯುತ್ತದೆ. ಆಮೇಲೆ ಬಟ್ಟೆಯನ್ನು ಅಲ್ಲೇ ಬಿಟ್ಟು ಪ್ಲೇಟಿನ ಕೆಳಗೆ ಮುಳುಗುತ್ತದೆ. ಯಾರಿಗೂ ಕಾಣದಂತೆ ಕೆಳಗಿನಿಂದಲೇ ಈಚೆಗೆ ಬಂದು, ಮತ್ತೆ ಏಳುವುದಕ್ಕೆ ಸಿದ್ಧವಾಗುತ್ತದೆ. ಅಂಬಿಗ ಹುಟ್ಟು ಹಾಕುವುದನ್ನು ತಲೆಕೆಳಗಾಗಿ ನೋಡಿದರೆ ಇದೇ: ಅವನು ನೀರಿಗಿಳಿಸಿ ಎಳೆದು, ಎತ್ತಿ ಹಿಂದಕ್ಕೆ ತರುತ್ತಾನೆ, ಇದು ಮೇಲೆದ್ದು ಎಳೆದು, ಇಳಿದು ಹಿಂದಕ್ಕೆ ಬರುತ್ತದೆ. ಹಲ್ಲು ಮುಳುಗದೆ ಹಾಗೇ ವಾಪಸು ಬಂದಿದ್ದರೆ ಒಯ್ದ ಬಟ್ಟೆಯನ್ನೂ ವಾಪಸು ತಂದುಬಿಡುತ್ತಿತ್ತು.

ಇದರ ಜೊತೆಗೆ ಸೂಜಿಯ ಲೆಕ್ಕವೂ ಕೂಡಿಬರಬೇಕು. ಹಲ್ಲು ಬಟ್ಟೆಯನ್ನು ಸಾಗಿಸುವಾಗ ಸೂಜಿ ಬಟ್ಟೆಯಿಂದ ಹೊರಗೆ, ಮೇಲಿರುತ್ತದೆ. ಸೂಜಿ ಬಟ್ಟೆಯೊಳಗೆ ಇಳಿದಾಗ ಹಲ್ಲು ಕೆಳಗೆ ಮುಳುಗಿರುತ್ತದೆ. ಒಂದೇ ಚಕ್ರದಿಂದ ಎರಡಕ್ಕೂ ಚಲನೆ ಹೋಗುವುದರಿಂದ ವೇಗ ಎಷ್ಟೇ ಹೆಚ್ಚಿದರೂ ಈ ಒಪ್ಪಂದ ತಪ್ಪುವುದಿಲ್ಲ. ಒಪ್ಪಂದಕ್ಕೆ ಸೇರದೆ ಮಧ್ಯೆ ಕೈ ಹಾಕುವವರು ನಮ್ಮ ಯಜಮಾನರೊಬ್ಬರೇ.

ಅವರು ಎಲ್ಲವನ್ನೂ ಗಂಭೀರವಾಗಿ ನೋಡಿದರು. "ಹಾಗಾದರೆ ನಮ್ಮ ಕೈಗೆ ಕೆಲಸವೇನು?" ಎಂದರು.

"ದಾರಿ ತೋರಿಸುವುದು. ಅಷ್ಟೇ," ಎಂದರು ಅತ್ತೆ.

ಯಜಮಾನರಿಗೆ ಇದು ಸ್ವಲ್ಪ ಅವಮಾನವೆನಿಸಿರಬೇಕು. ಕೈಯಿಂದ ಆಗದ್ದನ್ನು ವಿದ್ಯೆಯಿಂದ ತುಂಬಿಕೊಳ್ಳುವುದು ಅವರ ಸ್ವಭಾವ. ರಾತ್ರಿ ಕೂತು ಹೊಲಿಗೆ ಯಂತ್ರದ ಚರಿತ್ರೆಯನ್ನೆಲ್ಲ ಓದಿ ಮುಗಿಸಿದರು. ಅಂದಿನಿಂದ ಹರಿದ ಬಟ್ಟೆ ಹಿಡಿದು ಬಂದವರೆಲ್ಲ ಮೊದಲು ಅವರ ಭಾಷಣ ಕೇಳಬೇಕು, ಆಮೇಲೆ ಹೊಲಿಗೆ. ಭಾಷಣ ಅಮೆರಿಕದ ಎಲಿಯಾಸ್ ಹೋವ್ ಎಂಬಾತನಿಂದ ಆರಂಭವಾಗುತ್ತದೆ. ಆತ 1846ರಲ್ಲಿ ಪೇಟೆಂಟ್ ಪಡೆದ ಯಂತ್ರದಲ್ಲಿ ಸೂಜಿ ಅಡ್ಡಡ್ಡ ಓಡಾಡುತ್ತಿತ್ತು, ಬಟ್ಟೆ ಲಂಬವಾಗಿ ನೇತಾಡುತ್ತಿತ್ತು. ಮೊಳೆಗಳಿರುವ ಒಂದು ಲೋಹದ ಪಟ್ಟಿಗೆ ಬಟ್ಟೆಯನ್ನು ಚುಚ್ಚಿ ತೂಗುಹಾಕಿದರೆ, ಪಟ್ಟಿ ಮೆಲ್ಲಗೆ ಮುಂದೆ ಸಾಗುತ್ತಿತ್ತು. ಪಟ್ಟಿ ಮುಗಿದ ಕೂಡಲೇ ಹೊಲಿಗೆಯೂ ನಿಂತಿತು! ಬಟ್ಟೆ ಬಿಡಿಸು, ಪಟ್ಟಿಯನ್ನು ಮೊದಲಿನ ಜಾಗಕ್ಕೆ ತಾ, ಮತ್ತೆ ಚುಚ್ಚು. ತಿರುವು, ಮೂಲೆ ಎಂದರೆ ಕೇಳಲೇಬೇಡಿ. ಹೋಗುವುದು ನೇರಕ್ಕೆ ಮಾತ್ರ.

ಇಲ್ಲಿ ಒಂದು ಉಸಿರು ತೆಗೆದುಕೊಂಡು ಅವರು 1849ಕ್ಕೆ ಬರುತ್ತಾರೆ. ಜಾನ್ ಬ್ಯಾಚೆಲ್ಡರ್ ಎಂಬಾತ ಆ ಪಟ್ಟಿಯ ಬದಲು ಮೊಳೆಗಳಿರುವ, ಕೊನೆಯಿಲ್ಲದೆ ಸುತ್ತುವ ಬೆಲ್ಟು ಹಾಕಿದ. 1851ರಲ್ಲಿ ಐಸಾಕ್ ಸಿಂಗರ್ ಬಟ್ಟೆಯನ್ನು ಮೇಜಿನ ಮೇಲೆ ಮಲಗಿಸಿ, ಕೆಳಗೆ ಒರಟು ಅಂಚಿನ ಗಾಲಿಯಿಟ್ಟು ತಳ್ಳಿಸಿದ. 1854ರಲ್ಲಿ ಅಲೆನ್ ವಿಲ್ಸನ್ ಈ ನಾಲ್ಕು ಚಲನೆಯ ಹಲ್ಲಿಗೆ ಪೇಟೆಂಟ್ ಪಡೆದ. ಆತ ಮೂಲತಃ ಮರದ ಪೀಠೋಪಕರಣ ಮಾಡುವ ಬಡಗಿ ಎಂಬುದನ್ನು ಯಜಮಾನರು ವಿಶೇಷವಾಗಿ ಒತ್ತಿ ಹೇಳುತ್ತಾರೆ. ದರ್ಜಿಯಲ್ಲದವರಿಗೂ ಹೊಲಿಗೆಯಲ್ಲಿ ಭವಿಷ್ಯವಿದೆ ಎಂದು ಸೂಚಿಸಲು. ಆಮೇಲೆ ಕಂಪನಿಗಳು ಪೇಟೆಂಟುಗಳಿಗಾಗಿ ಕೋರ್ಟಿನಲ್ಲಿ ಕಿತ್ತಾಡಿಕೊಂಡು, 1856ರಲ್ಲಿ ರಾಜಿಯಾಗಿ, ಮುಖ್ಯ ಪೇಟೆಂಟುಗಳನ್ನೆಲ್ಲ ಒಂದೇ ಗಂಟಿಗೆ ಕಟ್ಟಿಟ್ಟವು. ಆ ಗಂಟಿನಲ್ಲಿ ಹಲ್ಲೂ ಇತ್ತು. ಹೊಸದಾಗಿ ಯಂತ್ರ ಮಾಡುವವರು ಗಂಟಿನವರಿಗೆ ದುಡ್ಡು ತೆರಬೇಕಾಗಿತ್ತು. ಇಷ್ಟೆಲ್ಲ ಹೇಳಿ ಮುಗಿಸಿ, ಅವರು ತೋರಿಸುವುದಕ್ಕೆಂದು ಯಂತ್ರದ ಮುಂದೆ ಕೂರುತ್ತಾರೆ. ಎಡಗೈ ಬಟ್ಟೆಯ ಆಚೆಗೆ ಹೋಗುತ್ತದೆ.

ಆದರೆ ಪರದೆಯ ಪ್ರಕರಣದಲ್ಲಿ ಮಾತ್ರ ಯಾರ ಕೈಯದೂ ತಪ್ಪಿರಲಿಲ್ಲ. ಎರಡು ಮೀಟರ್ ಉದ್ದದ ಎರಡು ಬಟ್ಟೆಗಳನ್ನು ಪಕ್ಕಪಕ್ಕ ಜೋಡಿಸಿ ಹೊಲಿಯಬೇಕಿತ್ತು. ಅಡ್ಡಪಟ್ಟೆಗಳಿದ್ದ ಬಟ್ಟೆ, ಪಟ್ಟೆಗೆ ಪಟ್ಟೆ ಕೂಡಬೇಕು. ಕತ್ತರಿಸಿದವರು ಯಜಮಾನರು, ಟೇಪು ಹಿಡಿದು ಸೀಮೆಸುಣ್ಣದ ಗೆರೆ ಎಳೆದು. ಹೊಲಿದವಳು ನಾದಿನಿ. ಅವಳ ಕೈ ಶುದ್ಧ, ಎಳೆಯುವುದಿಲ್ಲ, ತಳ್ಳುವುದಿಲ್ಲ. ಬಟ್ಟೆಗಳನ್ನು ಒಂದರ ಮೇಲೊಂದು ಇಟ್ಟು, ಮೇಲಿನ ತುದಿಯಲ್ಲಿ ಎರಡರ ಅಂಚೂ ಸಮ ಹಿಡಿದು ಹೊಲಿಯುತ್ತಾ ಹೋದಳು. ಕೆಳಗಿನ ತುದಿಗೆ ಬಂದಾಗ ಅಡಿಯ ಬಟ್ಟೆ ಮುಗಿದಿತ್ತು, ಮೇಲಿನದು ಇನ್ನೂ ಎರಡು ಬೆರಳು ಉಳಿದಿತ್ತು. ಬಿಡಿಸಿ ತೂಗುಹಾಕಿದರೆ ಮೊದಲ ಪಟ್ಟೆಗಳು ಸರಿಯಾಗಿ ಕೂಡಿದ್ದವು. ಕೆಳಗಿಳಿದಂತೆ ಸ್ವಲ್ಪ ಸ್ವಲ್ಪವೇ ಮನಸ್ತಾಪ ಬೆಳೆದು, ಕೊನೆಯ ಪಟ್ಟೆಗಳು ಒಂದರ ಮುಖ ಒಂದು ನೋಡುತ್ತಿರಲಿಲ್ಲ.

"ಅಣ್ಣ ಕತ್ತರಿಸಿದ್ದೇ ಓರೆ," ಎಂದಳು ನಾದಿನಿ.

"ಟೇಪು ಇದೆ, ಅಳೆದು ನೋಡು," ಎಂದರು ಯಜಮಾನರು.

ಮೈದುನ ನ್ಯಾಯಾಧೀಶನಾದ. ಹೊಲಿಗೆಯನ್ನು ಪೂರ್ತಿ ಬಿಚ್ಚಿಸಿ, ಎರಡೂ ಬಟ್ಟೆಗಳನ್ನು ನೆಲದ ಮೇಲೆ ಹಾಸಿ ಅಳೆದ. ಎರಡೂ ಒಂದೇ ಅಳತೆ! ಬಟ್ಟೆ ನಿರಪರಾಧಿ, ಕತ್ತರಿ ನಿರಪರಾಧಿ, ನಾದಿನಿ ನಿರಪರಾಧಿ. ಮತ್ತೆ ಹೊಲಿದರೆ ಮತ್ತೆ ಎರಡು ಬೆರಳು ಹೆಚ್ಚು.

ಇಲ್ಲಿಯೇ ಹಲ್ಲಿನ ಒಂದು ಗುಣ ತಿಳಿಯಬೇಕು. ಅದು ಕಚ್ಚುವುದು ತನಗೆ ತಾಗಿದ ಬಟ್ಟೆಯನ್ನು, ಅಂದರೆ ಅಡಿಯದನ್ನು ಮಾತ್ರ. ಮೇಲಿನ ಬಟ್ಟೆಗೆ ಹಲ್ಲಿನ ಪರಿಚಯವೇ ಇಲ್ಲ. ಅದು ಅಡಿಯ ಬಟ್ಟೆಗೆ ಅಂಟಿಕೊಂಡು, ಉಜ್ಜಾಟದ ಬಲದ ಮೇಲೆ ಹಿಂಬಾಲಿಸುತ್ತದೆ. ಅದರ ನೆತ್ತಿಯ ಮೇಲೆ ಫುಟ್ ಕೂತಿದೆ. ಫುಟ್ ನುಣುಪಾಗಿದ್ದರೂ ಒಂದಿಷ್ಟು ತಡೆದೇ ತಡೆಯುತ್ತದೆ. ಹೀಗಾಗಿ ಪ್ರತಿ ಹೊಲಿಗೆಗೂ ಮೇಲಿನ ಬಟ್ಟೆ ಒಂದು ಕೂದಲೆಳೆಯಷ್ಟು ಹಿಂದೆ ಬೀಳುತ್ತದೆ. ಕೂದಲೆಳೆ ಎಂದರೆ ಎಷ್ಟು ಮಹಾ ಎನ್ನಬೇಡಿ. ಹೊಲಿಗೆಯ ಉದ್ದ 2.5 ಮಿಲಿಮೀಟರ್ ಎಂದರೆ ಒಂದು ಮೀಟರಿಗೆ 400 ಹೊಲಿಗೆ, ನಮ್ಮ ಪರದೆಗೆ 800. ಒಂದೊಂದು ಹೊಲಿಗೆಗೂ 0.05 ಮಿಲಿಮೀಟರ್ ತಪ್ಪಿದರೆ ಕೊನೆಯಲ್ಲಿ 40 ಮಿಲಿಮೀಟರ್. ಎರಡು ಬೆರಳು ಬಂತಲ್ಲ! ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಅಣ್ಣತಂಗಿಯರಿಗೆ ಸಮಾಧಾನವಾಗಲಿಲ್ಲ. ಜಗಳವಾಡಲು ಎದುರಿಗೆ ಮನುಷ್ಯರೇ ಇಲ್ಲವೆಂದಾದರೆ ಯಾರಿಗೆ ತಾನೇ ಸಮಾಧಾನ?

ಅತ್ತೆಯವರ ಪರಿಹಾರ ಲೆಕ್ಕಕ್ಕಿಂತ ಸರಳವಾಗಿತ್ತು. ಗೇಣಿಗೊಂದು ಗುಂಡುಸೂಜಿ ಚುಚ್ಚಿ, ಪಟ್ಟೆಗೆ ಪಟ್ಟೆ ಹೊಂದಿಸಿದರು. ಯಂತ್ರದ ತಲೆಯ ಮೇಲಿರುವ ತಿರುಪನ್ನು ಸಡಿಲಿಸಿ ಫುಟ್ಟಿನ ಒತ್ತಡ ಇಳಿಸಿದರು. ಒತ್ತಡ ತೀರಾ ಹೆಚ್ಚಾದರೆ ಮೇಲಿನ ಬಟ್ಟೆ ಹಿಂದುಳಿಯುತ್ತದೆ, ತೀರಾ ಕಡಿಮೆಯಾದರೆ ಹಲ್ಲು ಬರಿದೇ ಉಜ್ಜುತ್ತದೆ, ಬಟ್ಟೆ ಕದಲುವುದಿಲ್ಲ. ಫುಟ್ ಒತ್ತಬೇಕು, ಹಿಡಿದುಕೊಳ್ಳಬಾರದು. ಹಲ್ಲು ಹಿಡಿದುಕೊಳ್ಳಬೇಕು, ಹರಿಯಬಾರದು. ಎರಡು ಬಟ್ಟೆಗಳಲ್ಲಿ ಒಂದು ತುಸು ಉದ್ದವಿದ್ದರೆ ಬೇಕೆಂದೇ ಅದನ್ನು ಅಡಿಗೆ ಹಾಕುತ್ತಾರಂತೆ. ಹೆಚ್ಚಿಗೆ ಇದ್ದದ್ದನ್ನು ಹಲ್ಲೇ ತಿಂದು ಸರಿದೂಗಿಸುತ್ತದೆ. ಈ ಗುಟ್ಟನ್ನು ಇಷ್ಟು ಕಾಲ ಯಾಕೆ ಹೇಳಲಿಲ್ಲ ಎಂದು ನಾದಿನಿ ಕೇಳಿದಳು. "ಯಾರು ಕೇಳಿದ್ದರು?" ಎಂದರು ಅತ್ತೆ.

ಯಜಮಾನರಿಗೆ ಗುಂಡುಸೂಜಿಯ ಪರಿಹಾರ ಹಿಡಿಸಲಿಲ್ಲ; ಅದರಲ್ಲಿ ತಂತ್ರಜ್ಞಾನವಿಲ್ಲ. ಅವರು ವಾಕಿಂಗ್ ಫುಟ್ ತಂದರು. ಇದು ಮಾಮೂಲಿ ಫುಟ್ಟಿನ ಜಾಗದಲ್ಲಿ ಕೂರುವ ಒಂದು ದಪ್ಪನೆಯ ಯಂತ್ರಭಾಗ. ಅದರ ಹೊಟ್ಟೆಯಡಿ ಇನ್ನೊಂದು ಜೊತೆ ಹಲ್ಲುಗಳಿವೆ. ಪಕ್ಕದಿಂದ ಹೊರಟ ತೋಳು ಸೂಜಿ ಕಟ್ಟುವ ತಿರುಪನ್ನು ಹಿಡಿದುಕೊಳ್ಳುತ್ತದೆ. ಸೂಜಿ ಏರಿಳಿದಾಗ ತೋಳೂ ಏರಿಳಿದು, ಮೇಲಿನ ಹಲ್ಲು ಕೆಳಗಿನ ಹಲ್ಲಿನ ಹೆಜ್ಜೆಗೆ ಹೆಜ್ಜೆ ಹಾಕುತ್ತದೆ. ಬಟ್ಟೆಗೆ ಈಗ ಮೇಲೂ ಹಲ್ಲು, ಕೆಳಗೂ ಹಲ್ಲು. ಪಟ್ಟೆಗಳು ನಿಜಕ್ಕೂ ಕೂಡಿದವು. ಸದ್ದು ಮಾತ್ರ ಹೇಳತೀರದು. ಅದನ್ನು ಹಾಕಿ ಹೊಲಿಯುವಾಗ ಮನೆಯಲ್ಲಿ ಯಾರೂ ಫೋನಿನಲ್ಲಿ ಮಾತನಾಡುವಂತಿಲ್ಲ. ಕೆಲವು ಕಾರ್ಖಾನೆ ಯಂತ್ರಗಳಲ್ಲಿ ಸೂಜಿ ಬಟ್ಟೆಯೊಳಗೆ ಇದ್ದುಕೊಂಡೇ ಹಲ್ಲಿನ ಜೊತೆ ಸರಿಯುತ್ತದೆಯಂತೆ, ಪದರಗಳು ಜಾರುವ ಮಾತೇ ಇಲ್ಲವಂತೆ. ಇದನ್ನು ಯಜಮಾನರು ಆಸೆಗಣ್ಣಿನಿಂದ ಹೇಳಿದಾಗ ನಾನು ಮಾತು ಬದಲಿಸಿದೆ.

ಮೈದುನನದು ಜೀನ್ಸ್ ಪ್ಯಾಂಟಿನ ವ್ಯವಹಾರ. "ಅತ್ತಿಗೆ, ಕಾಲು ಸ್ವಲ್ಪ ಉದ್ದವಾಯಿತು, ಒಂದೇ ಒಂದು ಹೊಲಿಗೆ" ಎಂದು ತಂದಿಟ್ಟ. ಕಾಲಿನ ಅಂಚು ಮಡಿಸಿದಾಗ ಬದಿಯ ಹೊಲಿಗೆ ಬರುವ ಜಾಗದಲ್ಲಿ ಬಟ್ಟೆ ಪದರದ ಮೇಲೆ ಪದರವಾಗಿ ಗುಡ್ಡವಾಗುತ್ತದೆ. ಫುಟ್ ಆ ಗುಡ್ಡ ಹತ್ತುವಾಗ ಮೂತಿ ಮೇಲೆತ್ತಿ ಓರೆಯಾಗುತ್ತದೆ, ಬಟ್ಟೆಯನ್ನು ಸಮನಾಗಿ ಒತ್ತುವುದಿಲ್ಲ. ಒತ್ತುವವರಿಲ್ಲದಿದ್ದರೆ ಹಲ್ಲು ಕಚ್ಚುವುದು ಯಾವುದನ್ನು? ಯಂತ್ರ ನಿಂತಲ್ಲೇ ಗುರುಗುಟ್ಟುತ್ತದೆ. ಮೈದುನ ಹಿಂದಿನಿಂದ ಎಳೆಯಲು ಕೈ ಚಾಚಿದ. ವಂಶದ ಗುಣ, ಎಲ್ಲಿ ಹೋಗುತ್ತದೆ? ಅತ್ತೆಯವರು ಅವನ ಕೈಗೆ ಒಂದು ಏಟು ಕೊಟ್ಟು, ಹಳೆಯ ರಟ್ಟಿನ ತುಂಡೊಂದನ್ನು ಮಡಿಸಿ ಫುಟ್ಟಿನ ಹಿಮ್ಮಡಿಯ ಕೆಳಗೆ ತೂರಿಸಿದರು. ಫುಟ್ ಸಮವಾಯಿತು, ಪ್ಯಾಂಟು ಗುಡ್ಡ ದಾಟಿತು.

ಒಂದು ಕಾಲದಲ್ಲಿ ಹಲ್ಲು ಏನನ್ನೂ ಕಚ್ಚದ ಸ್ಥಿತಿಗೆ ಬಂದಿತ್ತು. ತೆಳು ಬಟ್ಟೆ ಹಾಕಿದರೂ ಅಷ್ಟೇ, ದಪ್ಪ ಬಟ್ಟೆ ಹಾಕಿದರೂ ಅಷ್ಟೇ. ಹೊಲಿಗೆ ಗುಂಪುಗುಂಪಾಗಿ ಬೀಳುತ್ತಿತ್ತು. ಯಂತ್ರಕ್ಕೆ ವಯಸ್ಸಾಯಿತು, ಹಲ್ಲು ಸವೆಯಿತು, ಇನ್ನು ಹೊಸ ಹಲ್ಲು ಕಟ್ಟಿಸಬೇಕು ಎಂದು ಮನೆಯಲ್ಲಿ ತೀರ್ಮಾನವಾಯಿತು. ನಾನು ಎರಡು ತಿರುಪು ಬಿಚ್ಚಿ ಪ್ಲೇಟು ಎತ್ತಿದೆ. ಒಳಗೆ ಹಲ್ಲುಗಳ ಸಾಲಿನ ನಡುವೆ ಬಟ್ಟೆಯ ಧೂಳು ಎಣ್ಣೆಯ ಜೊತೆ ಸೇರಿ, ಒತ್ತಿ ಒತ್ತಿ ಬೂದು ಬಣ್ಣದ ಕಂಬಳಿಯ ತುಂಡಾಗಿತ್ತು. ಸೂಜಿಯ ಮೊನೆಯಿಂದ ಮೀಟಿದರೆ ಅಚ್ಚಿನಂತೆ ಇಡಿಯಾಗಿ ಎದ್ದು ಬಂತು. ಅದರ ಒಂದು ಬದಿಯಲ್ಲಿ ಹಲ್ಲಿನ ಗುರುತುಗಳು ಸಾಲಾಗಿ ಮೂಡಿದ್ದವು, ನಡುವೆ ಪರದೆಯ ಬಟ್ಟೆಯ ನೀಲಿ ಎಳೆಯೂ ಸಿಕ್ಕಿಕೊಂಡಿತ್ತು. ಕೆಳಗೆ ಇಷ್ಟು ತುಂಬಿಕೊಂಡಿದ್ದರೆ ಹಲ್ಲುಗಳ ನಡುವಿನ ಸಂದಿಯೇ ಮುಚ್ಚಿಹೋಗಿ, ಕಚ್ಚಲು ಮೊನೆ ಎಲ್ಲಿ ಉಳಿಯುತ್ತದೆ? ಬ್ರಷ್ಷಿನಿಂದ ಉಜ್ಜಿ, ಪ್ಲೇಟು ಮುಚ್ಚಿದ ಮೇಲೆ ಯಂತ್ರ ಹರೆಯದ ಉತ್ಸಾಹದಲ್ಲಿ ಓಡಿತು. ಹಲ್ಲುಜ್ಜುವ ವಿಷಯದಲ್ಲಿ ಇಷ್ಟು ಅಸಡ್ಡೆ ಮಾಡಿದ್ದು ಯಾರು ಎಂಬ ಪ್ರಶ್ನೆಗೆ ಉತ್ತರ ಸಿಗಲಿಲ್ಲ; ಎಲ್ಲರೂ ಒಬ್ಬರನ್ನೊಬ್ಬರು ನೋಡಿದರು.

ಪ್ರೆಸರ್ ಫುಟ್ ಇಳಿಸುವುದನ್ನು ಮರೆತು ತುಳಿಯುವ ನಾದಿನಿಯ ಗೆಳತಿಯರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಫುಟ್ ಎತ್ತಿದ್ದರೆ ಹಲ್ಲಿಗೆ ಹಿಡಿತ ಸಿಗುವುದಿಲ್ಲ, ಮೇಲಿನ ದಾರವನ್ನು ಬಿಗಿಹಿಡಿಯುವ ಬಿಲ್ಲೆಗಳೂ ಸಡಿಲವಾಗಿರುತ್ತವೆ. ಬಟ್ಟೆಯ ಅಡಿಯಲ್ಲಿ ದಾರದ ಗೂಡು ಕಟ್ಟುತ್ತದೆ, ಕತ್ತರಿಯಿಂದಲ್ಲದೆ ಬಟ್ಟೆ ಹೊರಬರುವುದಿಲ್ಲ. ಬಂದ ಅತಿಥಿಗಳ ಮುಂದೆ ಅತ್ತೆಯವರು ಒಂದು ಮಾತೂ ಆಡುವುದಿಲ್ಲ. ಆಮೇಲೆ ನಮ್ಮ ಮುಂದೆ ಆಡುತ್ತಾರೆ.

ಹೊಲಿಗೆಯ ಉದ್ದ ಬದಲಿಸುವ ಸನ್ನೆಕೋಲೂ ಈ ಹಲ್ಲಿನ ಲಗಾಮೇ. ಅದನ್ನು ಸೊನ್ನೆಗೆ ತಂದರೆ ಹಲ್ಲು ಏಳುತ್ತದೆ, ಇಳಿಯುತ್ತದೆ, ಅತ್ತಿತ್ತ ಹೋಗುವುದಿಲ್ಲ. ಸೊನ್ನೆಯನ್ನೂ ದಾಟಿಸಿದರೆ ಅದೇ ಹಲ್ಲು ಉಲ್ಟಾ ಸಾಗಿ ಬಟ್ಟೆಯನ್ನು ನಮ್ಮ ಕಡೆಗೆ ತರುತ್ತದೆ. ಹೊಲಿಗೆಯ ತುದಿ ಬಿಚ್ಚದಂತೆ ಗಟ್ಟಿ ಮಾಡುವುದು ಹೀಗೆ. ಸನ್ನೆಕೋಲು ಮುಟ್ಟದೆ, ಚಕ್ರವನ್ನೇ ಹಿಂದಕ್ಕೆ ತಿರುಗಿಸಿದರೂ ಬಟ್ಟೆ ನಮ್ಮ ಕಡೆಗೇ ಬರುತ್ತದೆ, ಆದರೆ ಹೊಲಿಗೆ ಬೀಳುವುದಿಲ್ಲ, ದಾರ ಸಿಕ್ಕಾಗುತ್ತದೆ. ಮೈದುನ ಇದನ್ನು ಪ್ರಯೋಗದಿಂದ ಸಾಬೀತುಪಡಿಸಿದ್ದಾನೆ.

ಕೊನೆಗೂ ಯಜಮಾನರ ಕೈಗೆ ನ್ಯಾಯ ಒದಗುವ ದಿನ ಬಂತು. ಅವರ ಅಂಗಿಯ ಮೊಣಕೈ ಹರಿದಿತ್ತು. ಇದಕ್ಕೆ ರಫು ಮಾಡಬೇಕು. ದಾರ ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಓಡಾಡಿ ತೂತನ್ನು ಮುಚ್ಚಬೇಕು. ಒಂದೇ ದಿಕ್ಕಿಗೆ ಸಾಗಿಸುವ ಹಲ್ಲಿಗೆ ಇಲ್ಲಿ ಕೆಲಸವಿಲ್ಲ. ಅತ್ತೆಯವರು ಹಲ್ಲಿನ ಮೇಲೆ ಒಂದು ತೆಳು ಲೋಹದ ಮುಚ್ಚಳ ಹಾಕಿದರು, ಫುಟ್ ಬಿಚ್ಚಿದರು, ಬಟ್ಟೆಯನ್ನು ಕಸೂತಿಯ ಬಳೆಗೆ ಬಿಗಿದರು, ದಾರದ ಬಿಗಿ ತಪ್ಪದಿರಲೆಂದು ಫುಟ್ಟಿನ ಹಿಡಿಯನ್ನು ಮಾತ್ರ ಕೆಳಗಿಳಿಸಿದರು. ಇನ್ನು ಬಟ್ಟೆ ಚಲಿಸುವುದು ಕೂತವರ ಕೈಯಿಂದಲೇ. ಎಳೆಯುವುದಾದರೆ ಎಳೆಯಬಹುದು, ತಳ್ಳುವುದಾದರೆ ತಳ್ಳಬಹುದು. ಇಷ್ಟು ವರ್ಷಗಳ ಆಸೆ!

"ನಿನ್ನ ಅಂಗಿ, ನೀನೇ ಕೂತು ಹೊಲಿ," ಎಂದು ಅತ್ತೆಯವರು ಎದ್ದು ಜಾಗ ಬಿಟ್ಟರು.

ಯಜಮಾನರು ಕೂತರು. ಇಷ್ಟು ಪಾಠಗಳ ಫಲವೋ, ಮೊಣಕೈಯ ಮೇಲಿನ ಪ್ರೀತಿಯೋ, ಎರಡೂ ಕೈಗಳನ್ನು ಬಳೆಯ ಮೇಲೆ ಹಗುರವಾಗಿ ಇಟ್ಟು, ಬೆನ್ನು ನೆಟ್ಟಗೆ ಮಾಡಿ ಪೆಡಲು ತುಳಿಯತೊಡಗಿದರು. ಕೈ ಕದಲಲಿಲ್ಲ. ಸೂಜಿ ಇದ್ದಲ್ಲೇ ಇಳಿಯಿತು, ಏರಿತು, ಇಳಿಯಿತು. ಮೊಣಕೈಯ ಮಧ್ಯದಲ್ಲಿ ಗಂಟು ದಪ್ಪವಾಗುತ್ತಾ ಬಂತು. ಅವರು ಇನ್ನಷ್ಟು ಜೋರಾಗಿ ತುಳಿದರು. ಗಂಟು ಗುಂಡಿಯಷ್ಟಾದ ಮೇಲೆ ಕಾಲು ನಿಲ್ಲಿಸಿ, ನಮ್ಮ ಕಡೆ ತಿರುಗಿ, ಪ್ಲೇಟಿನ ಕಡೆ ಬೆರಳು ತೋರಿಸಿದರು.

"ಯಂತ್ರ ಕೆಟ್ಟಿದೆ. 1854ರ ಪೇಟೆಂಟಿನ ಪ್ರಕಾರ ಇಷ್ಟು ಹೊತ್ತಿಗೆ ಹಲ್ಲು..."

"ಎಳೆಯೋ!" ಎಂದರು ಅತ್ತೆ.